ತಾರಸಿಯ ಮೇಲೆ ಎರಡು ದಿನದ ನೀರು

ಅವನು ಮೊದಲ ಸಲ ಮನೆಗೆ ಬಂದಾಗ ನನ್ನ ಮುಖವನ್ನೇ ನೋಡಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ತಲೆಯೆತ್ತಿ ಛಾವಣಿ ನೋಡುತ್ತ ನಿಂತುಬಿಟ್ಟ. ಕಪಾಟಿನ ಗಾಜಿನಲ್ಲಿ ಕೂದಲು ಸರಿಮಾಡಿಕೊಂಡು ಬಾಗಿಲು ತೆಗೆದಿದ್ದ ನನಗೆ ಸ್ವಲ್ಪ ಬೇಜಾರೇ ಆಯಿತು.

“ಈ ಗೆರೆ ಎಲ್ಲ ಯಾರು ಹಾಕಿದ್ದು?” ಎಂದು ಕೇಳಿದ.

ನನ್ನ ಹೊಲಿಗೆ ಮಷೀನಿನ ನೇರ ಮೇಲೆ, ಟೀ ಚೆಲ್ಲಿದ ಬಣ್ಣದ ಒಂದು ಕಲೆ ಇತ್ತು. ಅದರ ಸುತ್ತ ನೀಲಿ ಚಾಕ್‌ಪೀಸಿನಲ್ಲಿ ಒಂದರ ಹೊರಗೊಂದು ಏಳು ಗೆರೆಗಳು, ಪ್ರತಿ ಗೆರೆಯ ಪಕ್ಕ ತಾರೀಕು. ವಾರಕ್ಕೊಮ್ಮೆ ಸ್ಟೂಲು ಹತ್ತಿ ನಾನೇ ಹಾಕಿದ್ದು. ಬೇರೆಯವರ ಸೊಂಟ, ತೋಳು ಅಳೆದು ಹೊಟ್ಟೆ ಹೊರೆಯುವವಳು ನಾನು. ಏನಾದರೂ ದೊಡ್ಡದಾಗುತ್ತಿದ್ದರೆ ಗುರುತು ಹಾಕದೆ ಇರಲು ನನ್ನಿಂದ ಆಗುವುದಿಲ್ಲ.

“ನಾನೇ,” ಎಂದೆ, ಬೈಸಿಕೊಳ್ಳಲು ತಯಾರಾಗಿ. “ಬಟ್ಟೆ ಮೇಲೆ ಹಾಕೋ ಚಾಕ್‌ಪೀಸು. ಒರೆಸಿದ್ರೆ ಹೋಗುತ್ತೆ.”

“ಒರೆಸ್ಬೇಡಿ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಸೋರೋ ಕಲೆಗೆ ಅಳತೆ ತಗೊಂಡೋರನ್ನ ಇವತ್ತೇ ನೋಡಿದ್ದು.”

ಹಾಗೆ ಹೇಳಿದ ಮೇಲೆ ನನ್ನ ಮುಖ ನೋಡಿದ. ಸಾವಕಾಶವಾಗಿ ನೋಡಿದ.

ತಾರಸಿ ರಿಪೇರಿಯವನು ಬೇಕೆಂದು ನಾನು ಕೇಳಿದ ಮೂರು ಕಡೆಯೂ ಇವನನ್ನೇ ಹೇಳಿದ್ದರು. ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವನು ನನ್ನನ್ನು ಟೈಲರ್ ಮೇಡಂ ಎಂದ. ಮೇಡಂ ಎನಿಸಿಕೊಳ್ಳುವಷ್ಟು ದೊಡ್ಡ ಅಂಗಡಿಯೇನೂ ನನ್ನದಲ್ಲ. ಆದರೂ ಬೇಡ ಎನ್ನಲಿಲ್ಲ.

ಮೇಲೆ ಹತ್ತಿದೆವು. ಅವನು ಸುತ್ತಿಗೆಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ನೆಲ ತಟ್ಟುತ್ತ ಹೋದ. ಟಕ್, ಟಕ್, ಟಕ್. ಪ್ಯಾರಾಪೆಟ್ ಗೋಡೆಯ ಹತ್ತಿರ ಸದ್ದು ಬದಲಾಯಿತು.

“ಬನ್ನಿ, ಕೇಳಿ. ಇಲ್ಲಿ ಒಳಗೆ ಟೊಳ್ಳು. ಸಿಮೆಂಟು ಸ್ಲ್ಯಾಬ್ ಬಿಟ್ಟು ಎದ್ದಿದೆ.”

ನಾನು ಮಂಡಿಯೂರಿ ಕುಳಿತೆ. ಅವನು ಇನ್ನೊಮ್ಮೆ ತಟ್ಟಿದ. ಡಬ್. ಗೋಡೆ ಮತ್ತು ನೆಲ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು, ಅದರಲ್ಲಿ ಎರಡೆಲೆಯ ಒಂದು ಪುಟ್ಟ ಗಿಡ. ಮೂಲೆಯಲ್ಲಿ ನೀರು ನಿಂತು ಒಣಗಿದ ಕಪ್ಪು ಪಾಚಿ. ವಾರವಾರ ಕೆಳಗೆ ಗೆರೆ ಎಳೆದವಳು ಮೇಲೆ ಹತ್ತಿ ಇದನ್ನು ನೋಡಿಯೇ ಇರಲಿಲ್ಲ.

“ಮನೆ ಮೊದಲು ವಾಸನೆಯಲ್ಲಿ ಹೇಳುತ್ತೆ,” ಎಂದ. “ಆಮೇಲೆ ಬಣ್ಣದಲ್ಲಿ ಹೇಳುತ್ತೆ. ಪೇಂಟು ಗುಳ್ಳೆ ಏಳುತ್ತೆ, ಬಿಳೀ ಪುಡಿ ಉದುರುತ್ತೆ. ಕೊನೆಗೆ ತೊಟ್ಟಿಕ್ಕುತ್ತೆ. ಜನ ತಲೆ ಮೇಲೆ ತೊಟ್ಟು ಬಿದ್ಮೇಲೇ ನಂಗೆ ಫೋನ್ ಮಾಡೋದು.”

“ನಾನು ಬಣ್ಣಕ್ಕೇ ಮಾಡಿದೆ.”

“ಹೌದು. ಅದಕ್ಕೇ ಉಳ್ಕೊಳುತ್ತೆ ನಿಮ್ಮನೆ.”

ಯಾರಾದರೂ ನನ್ನನ್ನು ಹೊಗಳಿ ಬಹಳ ಕಾಲವಾಗಿತ್ತು. ಅವನು ಹೊಗಳಿದ್ದು ನನ್ನ ಮನೆಯನ್ನು ಎಂದು ನನಗೆ ನಾನೇ ಹೇಳಿಕೊಂಡೆ.

ಕೆಲಸ ಹನ್ನೊಂದು ದಿನ ನಡೆಯಿತು. ಅಮ್ಮ ಹೋಗಿ ನಾಲ್ಕು ವರ್ಷ. ಆ ನಾಲ್ಕು ವರ್ಷ ಈ ಮನೆಯಲ್ಲಿ ನಾನು ಮಾಡದ ಸದ್ದು ಒಂದೂ ಇರಲಿಲ್ಲ. ನಾನು ಇಟ್ಟರೆ ಲೋಟದ ಸದ್ದು, ನಾನು ತುಳಿದರೆ ಮಷೀನಿನ ಸದ್ದು. ಈಗ ತಲೆಯ ಮೇಲೆ ಒಬ್ಬ ಮನುಷ್ಯ ಓಡಾಡುತ್ತಿದ್ದ. ಹಳೆಯ ಸಿಮೆಂಟು ಕೆತ್ತುವ ಸದ್ದು, ಬಕೆಟ್ಟು ಎಳೆಯುವ ಸದ್ದು, ನಡುವೆ ಒಂದು ಕೆಮ್ಮು. ಅವನು ಎಲ್ಲಿ ನಿಂತಿದ್ದಾನೆ ಎಂದು ಮಷೀನಿನ ಮುಂದೆ ಕೂತೇ ಹೇಳುವಷ್ಟು ಕಲಿತುಬಿಟ್ಟೆ. ಗಿರಾಕಿಯೊಬ್ಬರ ಪ್ಯಾಂಟಿನ ಒಂದು ಕಾಲನ್ನು ಎರಡಿಂಚು ಗಿಡ್ಡ ಹೊಲಿದದ್ದೂ ಆ ವಾರವೇ.

ಅಕ್ಕ ಫೋನ್ ಮಾಡಿದಳು. “ಒಂಟಿಯಾಗಿ ಆ ಸೋರೋ ಮನೆ ಯಾಕೆ ಕಾಯ್ತಾ ಕೂತಿದ್ದೀಯೆ? ನಮ್ಮನೆಗೆ ಬಂದ್ಬಿಡು. ಒಂದು ರೂಮ್ ಕೊಡ್ತೀನಿ.”

“ರಿಪೇರಿ ಆಗ್ತಿದೆ ಕಣೆ.”

“ಏನ್ ದನಿ ಇದು? ನಗ್ತಿದ್ದೀಯಾ?”

“ಇಲ್ವಲ್ಲ,” ಎಂದು ಫೋನ್ ಇಟ್ಟೆ.

ಅವನ ನೀಲಿ ಶರ್ಟಿನ ಜೇಬು ಒಂದು ಬದಿ ಹೊಲಿಗೆ ಬಿಟ್ಟು ಜೋತಾಡುತ್ತಿತ್ತು. ಮೂರನೆಯ ದಿನ ನನಗೆ ತಡೆಯಲಾಗಲಿಲ್ಲ. “ನಿಲ್ಲಿ, ಎರಡು ನಿಮಿಷ,” ಎಂದು ಕನ್ನಡಕವನ್ನು ಮಷೀನಿನ ಮೇಲೇ ಬಿಟ್ಟು ಸೂಜಿ ಹಿಡಿದು, ಶರ್ಟು ಅವನ ಮೈಮೇಲಿರುವಾಗಲೇ ಹೊಲಿದೆ. ಅವನು ಉಸಿರು ಬಿಗಿಹಿಡಿದು ನಿಂತ.

“ಉಸಿರಾಡಿ ಮೇಸ್ತ್ರಿ. ಚುಚ್ಚಲ್ಲ.”

“ಚುಚ್ಚಿದ್ರೂ ಪರ್ವಾಗಿಲ್ಲ.”

“ಮನೇಲಿ ಸೂಜಿ ಹಿಡಿಯೋರು ಯಾರೂ ಇಲ್ವಾ?”

“ಮನೇಲಿ ರೇಡಿಯೋ ಇದೆ. ಬಾಡಿಗೆ ರೂಮು. ಅದರ ಸೀಲಿಂಗೇ ಸೋರುತ್ತೆ, ಓನರ್ ಮುಟ್ಟಕ್ಕೆ ಬಿಡಲ್ಲ.”

ಇಬ್ಬರೂ ನಕ್ಕೆವು. ಅವನ ಎದೆ ಅಲ್ಲಾಡಿ ಸೂಜಿ ನನ್ನ ಬೆರಳಿಗೇ ಚುಚ್ಚಿತು.

ಎರಡು ದಿನ ಬಿಟ್ಟು ಅದೇ ಜೇಬು ಮತ್ತೆ ಬಿಟ್ಟುಕೊಂಡಿತು. ಎರಡೆಳೆ ದಾರ ಹಾಕಿ ಹೊಲಿದೆ. ಒಂಬತ್ತನೆಯ ದಿನ ಮತ್ತೆ. “ಪೆನ್ಸಿಲ್ ಭಾರಕ್ಕೆ ಇರ್ಬೇಕು,” ಎಂದ. ನನಗೆ ಅವಮಾನವಾಯಿತು. ಹದಿನೆಂಟು ವರ್ಷದಲ್ಲಿ ನಾನು ಹಾಕಿದ ಹೊಲಿಗೆ ಬಿಟ್ಟಿತೆಂದು ಯಾರೂ ವಾಪಸ್ಸು ಬಂದಿರಲಿಲ್ಲ. ದಾರ ಹಳೆಯದಾಯಿತೇನೋ ಎಂದು ಹೊಸ ರೀಲು ತಂದೆ.

ಹನ್ನೊಂದನೆಯ ದಿನ ಅವನು ಹೊಸ ತಾರಸಿಯ ಮಳೆನೀರು ಹೊರಹೋಗುವ ಪೈಪಿನ ಬಾಯಿಗೆ ನನ್ನ ತುಂಡು ಬಟ್ಟೆಗಳನ್ನೇ ಉಂಡೆ ಮಾಡಿ ತುರುಕಿದ. ಮೂರಿಂಚು ನೀರು ತುಂಬಿಸಿ, ಗೋಡೆಯ ಒಳಬದಿಗೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದ. ಪಕ್ಕದಲ್ಲೇ ಒಂದು ಬಕೆಟ್ಟು ನೀರಿಟ್ಟು ಅದಕ್ಕೂ ಒಂದು ಗೆರೆ.

“ಬಕೆಟ್ ಯಾಕೆ?”

“ಬಿಸಿಲು ಸ್ವಲ್ಪ ಕುಡಿಯುತ್ತಲ್ಲ. ಬಕೆಟ್ಟಲ್ಲಿ ಎಷ್ಟು ಇಳಿಯುತ್ತೋ ತಾರಸೀಲೂ ಅಷ್ಟೇ ಇಳಿದ್ರೆ ನನ್ನ ಕೆಲಸ ಗಟ್ಟಿ. ಎರಡು ದಿನ ಬಿಟ್ಟು ನೋಡ್ತೀನಿ. ಸರಿ ಇದ್ರೆ ಮುಗೀತು.”

“ಆಮೇಲೆ?”

“ಆಮೇಲೆ ಏನು? ಹತ್ತು ವರ್ಷ ನನ್ನ ನೆನಪೇ ಬರಲ್ಲ ನಿಮಗೆ.”

ತಮಾಷೆಗೆಂದೇ ಹೇಳಿದ್ದು. ನನಗೆ ನಗು ಬರಲಿಲ್ಲ.

ಮೊದಲ ದಿನ ಮನೆ ಮತ್ತೆ ಹಳೆಯ ಮನೆಯಾಯಿತು. ನಾನಿಟ್ಟರೆ ಲೋಟ, ನಾನು ತುಳಿದರೆ ಮಷೀನು. ಎರಡನೆಯ ದಿನ ಮಧ್ಯಾಹ್ನ ಮೇಲೆ ಹತ್ತಿದೆ. ನೀರು ಒಂದು ಚೂರೂ ಅಲ್ಲಾಡದೆ ನಿಂತಿತ್ತು. ಅಷ್ಟು ಚೆನ್ನಾಗಿ ಕೆಲಸ ಮಾಡುವ ಅಗತ್ಯವೇನಿತ್ತು ಎಂದು ಅವನ ಮೇಲೆ ಸಿಟ್ಟೇ ಬಂತು. ಬಟ್ಟೆಯ ಉಂಡೆಯನ್ನು ಸ್ವಲ್ಪ ಸಡಿಲ ಮಾಡಿದೆ. ಪೈಪಿನಲ್ಲಿ ಗುಳುಗುಳು ಸದ್ದಾಯಿತು. ಗೆರೆಯಿಂದ ಎರಡು ಬೆರಳು ಇಳಿದ ಮೇಲೆ ಮತ್ತೆ ಬಿಗಿ ಮಾಡಿದೆ. ಇನ್ನೆರಡು ದಿನ ನೋಡೋಣ ಎನ್ನುತ್ತಾನೆ, ಇನ್ನೊಂದು ಸಲ ಬರುತ್ತಾನೆ, ಅಷ್ಟೇ ನನ್ನ ಲೆಕ್ಕ.

ಮಾರನೆಯ ಬೆಳಿಗ್ಗೆ ಅವನು ಗೆರೆ ನೋಡಿದ. ಬಕೆಟ್ಟು ನೋಡಿದ. ಬಕೆಟ್ಟಿನಲ್ಲಿ ಒಂದು ದಾರದಷ್ಟು ಮಾತ್ರ ಇಳಿದಿತ್ತು. ಕೆಳಗೆ ಬಂದು ಸ್ಟೂಲು ಹತ್ತಿ ಛಾವಣಿಯನ್ನು ಅಂಗೈಯಲ್ಲಿ ಸವರಿದ.

“ಒಣಗಿದೆಯಲ್ಲ,” ಎಂದೆ. “ಏನೂ ಆಗಿಲ್ಲ ಬಿಡಿ.”

“ಅದೇ ಭಯ. ಕೆಳಗೆ ಬಂದಿಲ್ಲ ಅಂದ್ರೆ ನೀರು ಸ್ಲ್ಯಾಬ್ ಒಳಗೇ ಕೂತಿದೆ. ಕಂಬಿ ತಿನ್ನುತ್ತೆ. ನಮ್ಮಪ್ಪ ಹಾಕಿದ ತಾರಸಿ ಒಂದೂ ಸೋರಿಲ್ಲ ಮೇಡಂ. ನಾನು ಎಲ್ಲೋ ಕೈ ತಪ್ಪಿದೀನಿ.”

ಚೀಲದಿಂದ ಉಳಿ, ಸುತ್ತಿಗೆ ತೆಗೆದುಕೊಂಡು ಮತ್ತೆ ಮೇಲೆ ಹತ್ತಿದ. ನಾನು ಹಿಂದೆಯೇ ಓಡಿದೆ. ಅವನು ಪೈಪಿನ ಬಾಯಿಯ ಬಟ್ಟೆ ಕಿತ್ತು ನೀರೆಲ್ಲ ಹರಿಯಬಿಟ್ಟು, ಹನ್ನೊಂದು ದಿನ ಮಗುವಿನ ಮೈ ಸವರಿದ ಹಾಗೆ ನೇವರಿಸಿದ್ದ ಆ ಮೂಲೆಯ ಮೇಲೆ ಉಳಿ ಇಟ್ಟ.

“ಒಡೀಬೇಡಿ.”

“ಒಡೀದೆ ಗೊತ್ತಾಗಲ್ಲ.”

“ನಾನೇ ಬಿಟ್ಟೆ ನೀರು. ನಿನ್ನೆ ಮಧ್ಯಾಹ್ನ. ಬಟ್ಟೆ ಸಡಿಲ ಮಾಡಿ ಬಿಟ್ಟೆ.”

ಸುತ್ತಿಗೆ ಎತ್ತಿದ ಕೈ ಹಾಗೇ ನಿಂತಿತು.

“ಯಾಕೆ?”

“ನೀರು ಗೆರೇಲೇ ನಿಂತ್ರೆ ನೀವು ಮತ್ತೆ ಬರಲ್ಲ,” ಎಂದೆ.

ಅವನು ಸುತ್ತಿಗೆ ಕೆಳಗಿಳಿಸಿದ. ಉಳಿಯನ್ನು ಚೀಲಕ್ಕೆ ಹಾಕಿದ. ಬಟ್ಟೆಯ ಉಂಡೆಯನ್ನು ತಾನೇ ಬಿಗಿಯಾಗಿ ತುರುಕಿ, ನಲ್ಲಿ ತಿರುಗಿಸಿ, ನೀರು ಗೆರೆ ಮುಟ್ಟುವವರೆಗೂ ನನಗೆ ಬೆನ್ನು ಮಾಡಿ ನಿಂತ. “ನಾಡಿದ್ದು ನೋಡೋಣ,” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದ.

ಆ ಎರಡು ದಿನ ಹೇಗೆ ಕಳೆದವೆಂದು ಹೇಳಲು ನಾಚಿಕೆಯಾಗುತ್ತದೆ. ಒಬ್ಬ ಕೆಲಸಗಾರನಿಗೆ ಅವನ ಕೈಯ ಮೇಲೇ ಅನುಮಾನ ಬರಿಸಿದ್ದೆ. ನನ್ನ ಹೊಲಿಗೆ ಬಿಟ್ಟಾಗ ನನಗೆ ಹೇಗಾಗಿತ್ತೆಂದು ಗೊತ್ತಿದ್ದೂ ಮಾಡಿದ್ದೆ. ಅಕ್ಕನ ಫೋನ್ ಎತ್ತಲಿಲ್ಲ. ಒಬ್ಬಳೇ ಇರುವುದು ನನಗೆ ಅಭ್ಯಾಸವಾಗಿದೆ ಎಂದುಕೊಂಡಿದ್ದೆ. ಅಭ್ಯಾಸವೇನೂ ಆಗಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದೆ ಅಷ್ಟೇ.

ಮೂರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ಅವನು ಬಿಳಿ ಶರ್ಟು ಹಾಕಿದ್ದ. ಉಳಿ, ಸುತ್ತಿಗೆಯ ಚೀಲ ಇರಲಿಲ್ಲ. ಕೈಯಲ್ಲಿ ಮಡಚಿದ ನೀಲಿ ಶರ್ಟು.

“ನೀರು?” ಎಂದು ಹೊಸ್ತಿಲಾಚೆಯೇ ನಿಂತು ಕೇಳಿದ.

“ಬಕೆಟ್ಟಲ್ಲಿ ಎಷ್ಟೋ ಅಷ್ಟೇ. ನೋಡಲ್ವಾ?”

“ನೀವು ಹೇಳಿದ್ರಲ್ಲ,” ಎಂದು ಶರ್ಟು ಮುಂದೆ ಮಾಡಿದ. “ಜೇಬು ಮತ್ತೆ ಹೋಗಿದೆ. ಈ ಸಲ ಕನ್ನಡಕ ಹಾಕ್ಕೊಂಡು ನೋಡಿ.”

ಅವನ ಎದೆಗೆ ಅಷ್ಟು ಹತ್ತಿರ ನಿಂತು ಹೊಲಿಯುವಾಗ ದಾರದ ತುದಿ ನೋಡುವ ವ್ಯವಧಾನ ನನಗೆಲ್ಲಿತ್ತು? ಈಗ ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಕಿತ್ತು ಬಂದ ದಾರದ ತುದಿ ನಾರುನಾರಾಗಿರುತ್ತದೆ. ಇವು ಒಂದೊಂದೂ ನೀಟಾಗಿ, ನೇರವಾಗಿದ್ದವು.

“ಇದು ಬಿಟ್ಟಿದ್ದಲ್ಲ,” ಎಂದೆ. “ಬ್ಲೇಡಲ್ಲಿ ಕುಯ್ದಿರೋದು.”

“ಮೊದಲನೇ ಸಲ ಒಂದು ನಿಜವಾಗ್ಲೂ ಹರಿದಿತ್ತು. ಆಮೇಲಿಂದೆಲ್ಲ ನಾನೇ.”

“ದಾರಾನೇ ಸರಿ ಇಲ್ಲ ಅಂತ ನಾನು ಹೊಸ ರೀಲು ತಂದೆ, ಮೇಸ್ತ್ರಿ.”

“ನಾನು ತಾರಸಿ ಒಡಿಯಕ್ಕೆ ಹೊರಟಿದ್ದೆ, ಮೇಡಂ.” ಅವನ ದನಿ ಸಣ್ಣದಾಯಿತು. “ಅವತ್ತೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ. ನಿಮಗಿದ್ದಷ್ಟು ಧೈರ್ಯ ನಂಗಿಲ್ಲ.”

“ಹೊಲಿದು ಕೊಟ್ರೆ ಮತ್ತೆ ಕುಯ್ತೀರಾ?”

“ನೆಪ ಇಲ್ದೆ ಬರ್ಬಹುದು ಅಂದ್ರೆ ಕುಯ್ಯಲ್ಲ.”

“ಬನ್ನಿ,” ಎಂದೆ.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ. ಈ ಸಲ ಛಾವಣಿ ನೋಡಲಿಲ್ಲ.