ತಾಳೆಯಾಗದ ಚೆಕ್‌ಸಮ್

"ಕೊನೇ ನಾಲ್ಕು ಹೇಳಿ," ಎಂದ ವಿಜಯ್ ಕುಮಾರ್ ಫೋನಿನಲ್ಲಿ.

"ಏಳು, ಸಿ, ಎರಡು, ಎಫ್."

"ನಂದು ಒಂಬತ್ತು, ಎ, ಎ, ಸೊನ್ನೆ. ತಾಳೆ ಆಗ್ತಿಲ್ವಲ್ರೀ."

ನಾನು ಸಂಯುಕ್ತಾ, ಹೆಬ್ಬಾಳದಲ್ಲಿ ವೆಟರ್ನರಿ ಓದುತ್ತಿರುವವಳು. ನನ್ನ ಪ್ರಾಜೆಕ್ಟ್ ಹಸುಗಳ ಕೆಮ್ಮಿನ ಮೇಲೆ. ನಗಬೇಡಿ, ಎಲ್ಲರೂ ನಕ್ಕಾಗಿದೆ. ಬಾಗಲೂರಿನ ವಿಜಯ್ ತನ್ನ ಮನೆಯ ಕೊಟ್ಟಿಗೆಯಲ್ಲಿ ಕೆಮ್ಮು ರೆಕಾರ್ಡ್ ಮಾಡಿ ಕಳಿಸುತ್ತಾನೆ, ನಾನು ಮೊಬೈಲಿಗೆ ಇಳಿಸಿಕೊಳ್ಳುತ್ತೇನೆ. ಫೈಲ್ ದಾರಿಯಲ್ಲಿ ಕೆಟ್ಟಿಲ್ಲವೆಂದು ತಿಳಿಯಲು ಚೆಕ್‌ಸಮ್ ನೋಡುತ್ತೇವೆ. ಅದು ಫೈಲಿನ ಬೆರಳಚ್ಚಿದ್ದಂತೆ. ಒಳಗೆ ಒಂದು ಚೂರು ಬದಲಾದರೂ ಸಾಕು, ಅಂಕಿ ಅಕ್ಷರಗಳೆಲ್ಲ ಬೇರೆಯಾಗುತ್ತವೆ.

ಇದು ಕೊನೆಯ ಫೈಲ್. ಇನ್ನು ಮೇಲೆ ಅವನು ಫೋನ್ ಮಾಡುವುದಿಲ್ಲ ಎಂದುಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ. ನಾನಾಗಿ ಹೇಳಲು ಧೈರ್ಯ ಸಾಲದು. ಅವನೋ, ಹಸುವಿನ ಜ್ವರ ಬಿಟ್ಟು ಬೇರೆ ಮಾತೇ ಎತ್ತುವವನಲ್ಲ.

ಮತ್ತೊಮ್ಮೆ ಡೌನ್‌ಲೋಡ್ ಮಾಡಿದೆ. ಮತ್ತೆ ಅದೇ ಏಳು, ಸಿ, ಎರಡು, ಎಫ್. ನೆಟ್‌ವರ್ಕಿನ ತಪ್ಪಾಗಿದ್ದರೆ ಎರಡು ಸಲವೂ ಒಂದೇ ಥರ ಬರುತ್ತದೆಯೇ? ನನ್ನ ತಲೆಯೊಳಗೆ ಹುಳ ಬಿಟ್ಟಂತಾಯಿತು.

"ವಿಜಯ್, ಚೆಕ್‌ಸಮ್ ತೆಗೆದಾದ್ಮೇಲೆ ಫೈಲ್‌ನಲ್ಲಿ ಏನಾದ್ರೂ ಕಟ್ ಮಾಡಿದ್ರಾ?"



"ಬಿಡ್ರೀ, ಹೊಸ ಚೆಕ್‌ಸಮ್ ಕಳಿಸ್ತೀನಿ."

"ಅದು ಬೇಡ. ಕಟ್ ಮಾಡೋಕ್ಮುಂಚೆ ಇತ್ತಲ್ಲ, ಆ ಫೈಲ್ ಕಳಿಸಿ."

"ಕೇಳಿ ಬೈಬಾರ್ದು."

"ಕಳ್ಸ್ರೀ ಮೊದ್ಲು."

ಬಂತು. ಮೊದಲು ಚೆಕ್‌ಸಮ್ ನೋಡಿದೆ. ಒಂಬತ್ತು, ಎ, ಎ, ಸೊನ್ನೆ. ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ. ಕೆಮ್ಮು, ಬಕೆಟ್ಟಿನ ಸದ್ದು, ಮತ್ತೆ ಕೆಮ್ಮು. ರೆಕಾರ್ಡರ್ ನಿಲ್ಲಿಸಲು ಮರೆತವನ ದನಿ ಆಮೇಲೆ.

"ನಾಳೆಯಿಂದ ಏನಂತ ಫೋನ್ ಮಾಡ್ಲಿ, ಗೌರಿ? ನಿನ್ ಕೆಮ್ಮೂ ವಾಸಿಯಾಗ್ತಾ ಬಂತು. ಸಂಯುಕ್ತಾ ಅಂದ್ರೆ ನಂಗೆ ಪ್ರಾಣ ಕಣೇ."

ಹಿಂದಿನಿಂದ ಅವನ ಅಜ್ಜಿ ಸೊಣ್ಣಮ್ಮ ಅಂದಿದ್ದರು, "ಅಸುಗ್ಯಾಕ್ಲಾ ಯೇಳ್ತೀಯ? ಆ ಮಗೀಗೇ ಯೇಳ್ಬಾರ್ದಾ? ಅಳ್ದೆ ಇದ್ರೆ ತಾಯೂ ಆಲು ಕೊಡಕಿಲ್ಲ."

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಫೋನ್ ಮಾಡಿದೆ.

"ಕೇಳಿದ್ರಾ?" ಅಂದ ಮೆಲ್ಲಗೆ.

"ಹಸುಗೆ ಹೇಳಿದ್ದು ಕೇಳ್ದೆ. ನನಗೆ ಹೇಳಿ."

"ನೀವಂದ್ರೆ ಇಷ್ಟ. ತುಂಬಾ. ಮದುವೆ..." ಅಂದು ನಿಲ್ಲಿಸಿದ.

"ಪೂರ್ತಿ ಹೇಳ್ರೀ, ಇದನ್ನೂ ಕಟ್ ಮಾಡ್ಬೇಡಿ."

"ಮದುವೆ ಆಗ್ತೀರಾ?"

"ಆಗ್ತೀನಿ."

ಅವನ ಹತ್ತಿರದಲ್ಲೇ ಅಜ್ಜಿ, "ಏನಂತ್ಲಾ ಮಗ?" ಎನ್ನುವುದು ಕೇಳಿಸಿತು.

"ಸ್ಪೀಕರ್ ಹಾಕ್ರೀ," ಎಂದೆ. ಹಾಕಿದ.

"ಅಜ್ಜೀ, ನಾನು ಒಪ್ಕೊಂಡೆ," ಎಂದು ನಾನೇ ಹೇಳಿದೆ.