ಶೇಂಗಾ ಮಿಲ್ಲಿನ ಸೊನ್ನೆಗಳು

ಅಸ್ಫಿಯಾಳ ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಪಾಲು ಮಾಡುತ್ತಿರುವಾಗ ಫೋನು ಬಂತು. ಡಿಸೆಂಬರ್ ಹನ್ನೆರಡು, ಬೆಳಿಗ್ಗೆ ಏಳು ಗಂಟೆ. ಪಿಎಸ್‌ಐ ಗೌಸಿಯಾ ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡೇ ಫೋನಿಗೆ ಕಿವಿಗೊಟ್ಟಳು. ಆ ಕಡೆ ಹಗರಿಬೊಮ್ಮನಹಳ್ಳಿ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಅಸದುಲ್ಲಾ.

"ಮೇಡಂ, ಕೊಟ್ಟೂರು ರಸ್ತಿ ಸೇತುವಿ ಬಾಜೂಕ ಒಂದು ಹೆಣ್ಣುಮಗಳ ಹೆಣ ಐತ್ರಿ. ಗಾಡಿ ಬಡದಂಗ ಕಾಣಸ್ತೈತಿ. ಆದ್ರ ಆಕಿ ಅತ್ತಿ ಇಲ್ಲಿ ಬಂದು ಕುಂತಾಳ. ಗಾಡಿ ಬಡದಿಲ್ಲ, ಹಂಗ ಬರಕೋಬ್ಯಾಡ್ರಿ ಅಂತಾಳ."

"ಅಮ್ಮೀ, ಇನ್ನೊಂದು ಜಡಿ?" ಎಂದಳು ಅಸ್ಫಿಯಾ.

"ದಾದಿ ಹಾಕ್ತಾಳ ಬೇಟಾ," ಎಂದು ಗೌಸಿಯಾ ಮಗಳನ್ನು ಅಜ್ಜಿಯ ಬಳಿ ಕಳಿಸಿದಳು.

ಠಾಣೆಯ ಬೆಂಚಿನ ಮೇಲೆ ಉಚ್ಚಂಗೆಮ್ಮ ಕುಳಿತಿದ್ದಳು. ಪಕ್ಕದಲ್ಲಿ ಏಳೆಂಟು ವರ್ಷದ ಮೊಮ್ಮಗಳು ಪಂಪಿ, ತಲೆ ಬಾಚಿರಲಿಲ್ಲ. ಸತ್ತವಳು ಸೊಸೆ ಮೈಲಮ್ಮ, ಊರಾಚೆಯ ಶೇಂಗಾ ಮಿಲ್ಲಿನಲ್ಲಿ ಕಸ ಹೊಡೆಯುವವಳು.

"ಗಾಡಿ ಬಡದಿಲ್ಲ ಅಂತ ಹೆಂಗ ಹೇಳ್ತೀರಿ?"

"ಮಿಲ್ಲು ಆ ಕಡೆ ಐತಿ, ಸೇತುವಿ ಈ ಕಡೆ ಐತಿ. ಐದಕ್ಕ ಮಿಲ್ಲಿಗಂತ ಹೋದಾಕಿ ಇಡೀ ಊರು ದಾಟಿ ಸೇತುವಿಗೆ ಯಾಕ ಹೋಗ್ತಾಳವ್ವಾ?"

ಪಂಪಿ ಏನೋ ಕೇಳಲು ಬಾಯಿ ತೆರೆದಳು. ಗೌಸಿಯಾ ಬಗ್ಗಿದ ಕೂಡಲೇ ಮುಚ್ಚಿಕೊಂಡಳು.

ಸೇತುವೆಯ ಬಳಿ ಪಂಚನಾಮೆ ಮುಗಿಯುವಾಗ ಹತ್ತು ಗಂಟೆ. ರಸ್ತೆಯ ಮೇಲೆ ಗಾಜಿನ ಚೂರಿಲ್ಲ, ಬ್ರೇಕಿನ ಗುರುತಿಲ್ಲ. ಹೆಣದ ಕೂದಲಲ್ಲಿ, ಉಗುರಿನ ಸಂದಿಯಲ್ಲಿ ಶೇಂಗಾ ಸಿಪ್ಪೆಯ ಪುಡಿ. ಸೀರೆಯ ಸೆರಗು ಎಳೆದು ತಿರುಚಿ ಹರಿದಂತಿತ್ತು. ಉಚ್ಚಂಗೆಮ್ಮನ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು.

ಮಿಲ್ಲಿನ ಮಾಲೀಕ ಕೊಟ್ರಸ್ವಾಮಿ ಕೈ ತಿರುವಿದ. "ನಾ ಬರೋದ ಒಂಬತ್ತಕ್ಕ. ಇವತ್ತು ಆಕಿ ಬಂದಿಲ್ಲ ಅಂತ ಮರುಳಪ್ಪ ಅಂದ."

ಮರುಳಪ್ಪ ಮಿಲ್ಲಿನ ಹಳೆಯ ಮೆಕ್ಯಾನಿಕ್. ಬೆಳಗಿನ ಜಾವ ಬೀಗ ತೆಗೆದು ಮೋಟಾರು ಹಾಕುವವನು ಅವನೇ. ಗೌಸಿಯಾ ಮಾತಾಡಿಸಿದಾಗ ಆತ ಅವಳ ಮುಖದ ಬದಲು ಪಕ್ಕದ ಗೋಡೆಯ ಕಡೆ ನೋಡಿ ಉತ್ತರಿಸಿದ. "ಬಂದಿಲ್ರಿ. ನಾ ನೋಡಿಲ್ರಿ."

"ಕ್ಯಾಮೆರಾ?"

"ಅದರ ಕತಿ ಕೇಳಬ್ಯಾಡ್ರಿ," ಎಂದ ಕೊಟ್ರಸ್ವಾಮಿ. "ಯಾರೋ ಹೊರಗಿನ ಹ್ಯಾಕರ್ ಒಳಗ ಹೊಕ್ಕು ಎಲ್ಲಾ ಅಳಿಸ್ಯಾನಂತ. ಕ್ಯಾಮೆರಾ ಹಾಕಿದ ಪ್ರವೀಣಕುಮಾರ್ ಬಂದು ನೋಡಿ ಹೇಳಿದ. ಮರುಳಪ್ಪನ ಮಗನ ಅಂವ."

"ಹ್ಯಾಕರ್‌ಗೆ ಜಗತ್ತಿನಾಗ ಬ್ಯಾಂಕ್ ಸಿಗಲಿಲ್ಲೇನು?" ಎಂದ ಅಸದುಲ್ಲಾ. "ಶೇಂಗಾ ಸಿಪ್ಪಿಗೆ ಬಂದ್ನ?"

ದೃಶ್ಯ ದಾಖಲಿಸುವ ಪೆಟ್ಟಿಗೆಯನ್ನು ಜಪ್ತಿ ಮಾಡಿ ಹೊಸಪೇಟೆಯ ಸೈಬರ್ ವಿಭಾಗಕ್ಕೆ ಕಳಿಸಿದರು. ಮರಣೋತ್ತರ ಪರೀಕ್ಷೆಯ ವರದಿ ಮೊದಲು ಬಂತು. ಗಾಯಗಳು ಯಂತ್ರದ ಬೆಲ್ಟಿಗೆ ಸಿಕ್ಕಿ ಆದಂಥವು. ಆಮೇಲೆ ಸುಮಾರು ಅರ್ಧ ಗಂಟೆ ಜೀವವಿತ್ತು. ಆ ಸಾಲನ್ನು ಗೌಸಿಯಾ ಎರಡು ಸಲ ಓದಿದಳು. ಹೊರಗೆ ಬೆಂಚಿನ ಮೇಲೆ ಅಜ್ಜಿ, ಮೊಮ್ಮಗಳು ಅಂದೂ ಕುಳಿತಿದ್ದರು.

ಹದಿನಾರನೇ ತಾರೀಖು ಸೈಬರ್ ವರದಿ ಬಂತು. ಗೌಸಿಯಾ ಪ್ರವೀಣಕುಮಾರನನ್ನು ಠಾಣೆಗೆ ಕರೆಸಿದಳು. ಇಸ್ತ್ರಿ ಮಾಡಿದ ಅಂಗಿ, ನಿದ್ದೆಯಿಲ್ಲದ ಕಣ್ಣು.

"ನಮಗ ಇದು ತಿಳಿಯಂಗಿಲ್ಲ. ನೀವ ಸ್ವಲ್ಪ ಹೇಳ್ರಿ. ಕ್ಯಾಮೆರಾ ಪೆಟ್ಟಿಗಿಯೊಳಗಿಂದ ತಗದ ಈ ಕಾಗದದಾಗ ಬರೇ ಸೊನ್ನಿ ಯಾಕ ಅದಾವ?"

"ಅದು ಕರ್ನಲ್ ಬರಿಯೋದ್ರಿ ಮೇಡಂ. ಕರ್ನಲ್ ಅಂದ್ರ ಮಿಷಿನ್‌ನ ಒಳಗಿನ ಯಜಮಾನ. ಯಾವ ಕೆಲಸ ಮೆಮೊರಿಯ ಯಾವ ಜಾಗದಾಗ ಕುಂತೈತಿ ಅಂತ ಅದಕ್ಕ ಗೊತ್ತಿರತೈತಿ. ಹೊರಗಿನವರಿಗೆ ಹೇಳಂಗಿಲ್ಲ. ಜಾಗದ ನಂಬರ್ ಬದಲು ಸೊನ್ನಿ ತೋರಸ್ತೈತಿ."

"ಹೇಳಿದ್ರ ಏನಾಗತೈತಿ?"

"ಕಳ್ಳ ನೆಟ್ಟಗ ಆ ಜಾಗಕ್ಕ ಕೈ ಹಾಕ್ತಾನ. ಗೊತ್ತಿಲ್ಲಂದ್ರ ತಡಕಾಡಿ ಸಿಗಬೀಳ್ತಾನ."

"ಇದನ್ನ ಮುಚ್ಚಿಟ್ಟಾವ್ರು ಯಾರು?"

"ನಾನ ರೀ." ದನಿಯಲ್ಲಿ ಹೆಮ್ಮೆ ಇಣುಕಿತು. "ನಾ ಹಾಕೋ ಎಲ್ಲಾ ಮಿಷಿನ್‌ಗೂ ಮಾಡ್ತೀನಿ."

ಗೌಸಿಯಾ ಎರಡನೇ ಹಾಳೆ ಮುಂದಿಟ್ಟಳು. "ಇದು ಹನ್ನೆರಡನೇ ತಾರೀಖು, ಬೆಳಿಗ್ಗೆ ಎಂಟೂವರಿ. ಸೊನ್ನಿ ಹೋಗಿ ನಂಬರ್ ಬಂದಾವ."

"ಅದನ್ನ ನಾ ಹೇಳಿದ್ದು. ಹ್ಯಾಕರ್ ಮುಚ್ಚಿದ್ದನ್ನ ತಗದು ಒಳಗ ಹೊಕ್ಕಾನ."

"ತಗಿಯಾಕ ಏನು ಬೇಕು?"

"ಮಿಷಿನ್‌ನ ದೊಡ್ಡ ಪಾಸ್‌ವರ್ಡ್…" ಅವನು ಅಲ್ಲಿಗೇ ನಿಂತ.

"ದೊಡ್ಡ ಪಾಸ್‌ವರ್ಡ್ ಇದ್ದವ ಆಗಲೇ ಒಳಗ ಅದಾನ. ಅವಗ ಜಾಗ ತಿಳಕೊಂಡು ಕನ್ನ ಹಾಕೋ ದರ್ದು ಏನೈತಿ? ಕನ್ನ ಬಿದ್ದಂಗ ಕಾಣಲಿ ಅಂತ ಮಾಡ್ಯಾನ. ಹೌದಿಲ್ಲೋ?"

ಅವನು ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದ.

"ಆ ಪಾಸ್‌ವರ್ಡ್ ಮಾಲೀಕರಿಗೂ ಗೊತ್ತಿಲ್ಲ. ಯಾರಿಗೆ ಗೊತ್ತೈತಿ?"

"ಫ್ಯಾನ್ ನೋಡಿದ್ರ ಉತ್ತರ ಬರಂಗಿಲ್ಲಪಾ," ಎಂದ ಅಸದುಲ್ಲಾ.

ಪ್ರವೀಣಕುಮಾರ್ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿಟ್ಟ. "ನಮ್ಮಪ್ಪಗ ಕಣ್ಣು ಕಾಣಸಂಗಿಲ್ರಿ," ಎಂದ.

ಮರುಳಪ್ಪನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಗೊತ್ತಾದರೆ ಕೆಲಸ ಬಿಡಿಸುತ್ತಾರೆಂದು ಮಿಲ್ಲಿನಲ್ಲಿ ಹೇಳಿರಲಿಲ್ಲ. ಗುಂಡಿಗಳ ಜಾಗ ಕೈಗೆ ರೂಢಿಯಿತ್ತು. ಆ ದಿನ ಐದೂವರೆಗೆ ಮೈಲಮ್ಮ ಬೆಲ್ಟಿನ ಕೆಳಗೆ ಬಗ್ಗಿ ಸಿಪ್ಪೆ ಬಳಿಯುತ್ತಿದ್ದಳು. ಅವನು ಕಾಣದೆ ಗುಂಡಿ ಒತ್ತಿದ. ಮಗನಿಗೆ ಫೋನು ಮಾಡಿದ. ಮಗ ಲಗೇಜ್ ಆಟೋ ತಂದ.

"ಆಕಿ ಉಸಿರಾಡ್ತಿದ್ಳು?"

"ಹೂಂ ರೀ."

"ಗೊತ್ತಿತ್ತು?"

"ಗೊತ್ತಿತ್ರಿ. ದವಾಖಾನಿ ಗೇಟ್ ಮುಂದ ಗಾಡಿ ನಿಲ್ಸಿದ್ನಿ. ಒಳಗ ಒಯ್ದ್ರ ಹೆಂಗಾತು ಅಂತ ಕೇಳ್ತಾರ, ಅಪ್ಪನ್ನ ಹಿಡಕೊಂಡು ಹೋಗ್ತಾರ ಅನಿಸ್ತು. ಮತ್ತ ಗೇರ್ ಹಾಕಿದ್ನಿ."

ಪಂಚರ ಮುಂದೆ ಹೇಳಿಕೆ ಬರೆದುಕೊಂಡು ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಿದರು. ಅಪ್ಪನನ್ನೂ ಕರೆತಂದರು. ಗುಂಡಿ ಒತ್ತಿದ್ದು ಕಣ್ಣು ಕಾಣದ ತಪ್ಪು. ಗೇರ್ ಹಾಕಿದ್ದು ಕಣ್ಣಿದ್ದವನು. ಅಪ್ಪನನ್ನು ಉಳಿಸಬೇಕೆಂಬ ಅವಸರವೊಂದೇ ಅವನನ್ನು ಸೇತುವೆಯವರೆಗೆ ಒಯ್ದಿತ್ತು.

ಜೀಪು ಬರುವುದು ತಡವಾಯಿತು. ಅಜ್ಜಿ, ಮೊಮ್ಮಗಳು ಆವತ್ತೂ ಬಂದು ಕುಳಿತಿದ್ದರು. ಗೌಸಿಯಾ ಅವರ ಬೆಂಚಿನ ಬಳಿ ಬಂದು, ಕೈಚೀಲದಿಂದ ಬಾಚಣಿಗೆ ತೆಗೆದು ಪಂಪಿಯನ್ನು ಮುಂದೆ ಕೂರಿಸಿಕೊಂಡಳು. ನಾಲ್ಕು ದಿನದ ಸಿಕ್ಕು. ಬುಡ ಹಿಡಿದು, ನೋಯದಂತೆ ಬಿಡಿಸಿದಳು. ವಿಚಾರಣೆಯ ಕೋಣೆಯ ಬಾಗಿಲು ತೆರೆದೇ ಇತ್ತೆಂಬುದು, ಒಳಗಿನ ಮಾತೆಲ್ಲ ಇಲ್ಲಿಗೆ ಕೇಳುತ್ತಿತ್ತೆಂಬುದು ಆಗಷ್ಟೇ ಗೌಸಿಯಾಳ ಗಮನಕ್ಕೆ ಬಂತು.

ಅಸದುಲ್ಲಾ ಪ್ರವೀಣಕುಮಾರನನ್ನು ಹೊರಗೆ ಕರೆತಂದ. ಮಿಲ್ಲಿಗೆ ಕ್ಯಾಮೆರಾ ಹಾಕಿದ ದಿನ ಪಂಪಿಯನ್ನು ಎತ್ತಿಕೊಂಡು ಪರದೆಯ ಮೇಲೆ ಅವಳ ಮುಖ ತೋರಿಸಿದವನು ಅವನೇ. ಅವನು ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದ.

ಅರ್ಧ ಹೆಣೆದ ಜಡೆ ಗೌಸಿಯಾಳ ಕೈಯಿಂದ ಜಾರಿತು. ಪಂಪಿ ಎದ್ದು ನಿಂತಿದ್ದಳು.

"ಮಾಮಾ, ದವಾಖಾನಿ ಮುಂದ ಗಾಡಿ ನಿಲ್ಸಿದಾಗ ನಮ್ಮವ್ವ ಏನರ ಅಂದ್ಳೇನು?"