ಕಿಟಕಿ ಸಾಲಿನ ಕೊನೆಯ ಸೀಟು

ಪರೀಕ್ಷಾ ಕೊಠಡಿಯ ನಕ್ಷೆ ಪರದೆಯ ಮೇಲೆ ಮೂಡಿತು. ಯಾರೂ ಕಾಪಿ ಹೊಡೆಯದಂತೆ ಒಂದು ಬಿಟ್ಟು ಒಂದು ಸೀಟು ಹಸಿರು; ಹಸಿರಿದ್ದಲ್ಲಿ ವಿದ್ಯಾರ್ಥಿ ಕೂರಬೇಕು. ಕಿಟಕಿ ಸಾಲಿನ ಕೊನೆಯದೂ ಹಸಿರಾಗಬೇಕಿತ್ತು. ಆಗಿರಲಿಲ್ಲ.

ಅವಳು ನಕ್ಷೆಯನ್ನು ಮುಚ್ಚಿ ಮತ್ತೊಮ್ಮೆ ತೆರೆದಳು. ಆಗಲೂ ಖಾಲಿ.

ಹಳೆಯ ಸಾಫ್ಟ್‌ವೇರ್ ಕೂಡ ಅದೇ ಸೀಟನ್ನು ಖಾಲಿ ಬಿಡುತ್ತಿತ್ತು. ಯಾಕೆಂದು ಯಾರಿಗೂ ನೆನಪಿಲ್ಲ. ಈ ನಕ್ಷೆಯ ಹೊಸ ಕೋಡ್ ಬರೆದ ಹೊಸಬನಿಗೆ ಅವಳು ಆ ವಿಷಯ ಹೇಳಿಯೂ ಇರಲಿಲ್ಲ. ಹಾಗಾದರೆ ಹೇಗೆ ಬಂತು? ಹಳೇ ಕೋಡನ್ನು ಕದ್ದು ನೋಡಿದ್ದಾನೆ, ಇನ್ನೇನು!

ಯಾವ ವಿದ್ಯಾರ್ಥಿ ಎಲ್ಲಿ ಕೂರಬೇಕೆಂದು ಹೇಳುವ ಆ ಸಾಫ್ಟ್‌ವೇರ್ ವಿಶ್ವವಿದ್ಯಾಲಯದಲ್ಲಿ ಒಂದು ತಲೆಮಾರಿನಿಂದ ನಡೆದುಕೊಂಡು ಬಂದಿತ್ತು. ಅದನ್ನು ಓಪನ್ ಸೋರ್ಸ್ ಮಾಡಬೇಕು, ಯಾವ ಕಾಲೇಜು ಬೇಕಾದರೂ ಪುಕ್ಕಟೆ ಬಳಸಲಿ, ತಿದ್ದಿಕೊಳ್ಳಲಿ ಎಂಬುದು ಅವಳ ಹಟ. ಅದಕ್ಕೆ ಬರೆದವರೆಲ್ಲರ ಒಪ್ಪಿಗೆ ಬೇಕು. ಒಬ್ಬನ ಹೊರತು ಎಲ್ಲರೂ ಒಪ್ಪಿದರು. ಆ ಒಬ್ಬ, ಕೆಲಸ ಬಿಟ್ಟು ಇಂಥದ್ದನ್ನೇ ಮಾರುವ ಕಂಪನಿ ತೆರೆದಿದ್ದ ಹಳೆಯ ಸಹೋದ್ಯೋಗಿ. ಆಫೀಸಿನವರು ಇಟ್ಟ ಹೆಸರು ಸಾಹುಕಾರ.

"ನಂದು ಒಂದೇ ಒಂದು ಸಾಲು ಸಿಕ್ಕರೂ ಕೋರ್ಟಿಗೆ ಎಳೀತೀನಿ" ಎಂದಿದ್ದ.

ಹಾಗಾಗಿ ಸಾಹುಕಾರ ಬರೆದ ಭಾಗವನ್ನು ಅದನ್ನೆಂದೂ ನೋಡಿರದವನೊಬ್ಬ ಹೊಸದಾಗಿ ಬರೆಯಬೇಕಿತ್ತು. ಆಗಬೇಕಾದ ಕೆಲಸ ಏನೆಂದು ಅವಳು ಹೇಳಬಹುದು, ಹಳೆಯದನ್ನು ತೋರಿಸುವಂತಿಲ್ಲ. ಹೊಸಬ ಒಮ್ಮೆ ಇಣುಕಿದನೋ, ಎಲ್ಲವೂ ನೀರುಪಾಲು.

ಇಣುಕುವವನ ಹಾಗೆಯೇ ಇದ್ದ. ಅವನ ಮೇಜು ಎದುರಿಗೆ. ಅವಳ ಪರದೆಯ ಬೆನ್ನು ಅವನಿಗೆ. ಆದರೂ ತಲೆ ಎತ್ತಿದಾಗಲೆಲ್ಲ ಅವನ ಕಣ್ಣು ಈ ಕಡೆಗೇ. ಅವಳು ನೋಡಿದರೆ ಥಟ್ಟನೆ ಕೀಬೋರ್ಡಿಗೆ ಇಳಿಯುತ್ತಿತ್ತು. ಕಿವಿ ಮಾತ್ರ ಕೆಂಪು. ತನ್ನ ಬೆನ್ನ ಹಿಂದಿನ ಬೀರುವಿನ ಗಾಜಿನಲ್ಲಿ ಪರದೆ ಕಾಣುತ್ತಿರಬಹುದೆಂದು ಅವಳು ಅದಕ್ಕೆ ಕಾಗದ ಅಂಟಿಸಿದ್ದಳು.

"ಏನ್ ಮೇಡಂ, ಬೀರುಗೆ ನೆಗಡೀನಾ? ಹೊದಿಕೆ ಹೊದಿಸಿದ್ದೀರಿ."

"ಯಾರದೋ ಕಣ್ಣು ಬೀಳ್ತಿತ್ತು. ಅದಕ್ಕೆ."

ಮನೆಯಲ್ಲಿ ಹೇಳಿಕೊಂಡರೆ ಅಕ್ಕನಿಗೆ ತಮಾಷೆ. "ಕದ್ದು ನೋಡ್ತಾನೆ, ಸರಿ. ಏನನ್ನ ಅಂತ ಕೇಳಿದ್ಯಾ?"

"ಕೋಡನ್ನ! ಇನ್ನೇನನ್ನ?"

"ಅಯ್ಯೋ ನನ್ನ ತಂಗೀ, ಕೋಡ್ ನೋಡಿ ಯಾರ ಕಿವಿಯಾದ್ರೂ ಕೆಂಪಾಗುತ್ತಾ?"

ಈಗ ಅವಳು ಪರದೆಯತ್ತ ಬೆರಳು ತೋರಿದಳು. "ಬನ್ನಿ ಇಲ್ಲಿ. ಇದು ನಿಮ್ಮ ಕೋಡ್ ಹಾಕಿದ ನಕ್ಷೆ. ಈ ಸೀಟು ಯಾಕೆ ಖಾಲಿ?"

"ಅಲ್ಲಿ ಯಾರೂ ಕೂರಲ್ವಲ್ಲ ಮೇಡಂ."

"ಯಾರು ಹೇಳಿದ್ದು?"

"ನೀವೇ."

"ಸುಳ್ಳು! ನಾನು ಕೊಟ್ಟ ನಿಯಮಗಳಲ್ಲಿ ಅದಿಲ್ಲ."

"ಕ್ಯಾಂಟೀನಲ್ಲಿ ಹೇಳಿದ್ರಿ. ಕಿಟಕಿ ಪಕ್ಕದ ಕೊನೇ ಕುರ್ಚಿ ಒಂದೇ ಖಾಲಿ ಇತ್ತು. ಕೂರಿ ಅಂದೆ. ‘ಅಲ್ಲಿ ಯಾರೂ ಕೂರಲ್ಲ’ ಅಂತ ನಿಂತ್ಕೊಂಡೇ ಕಾಫಿ ಕುಡಿದ್ರಿ. ಲೈಬ್ರರಿಲೂ ಹಾಗೇ, ಮೀಟಿಂಗಲ್ಲೂ ಹಾಗೇ. ಇದು ಇಲ್ಲಿನ ನಿಯಮ ಇರ್ಬೇಕು ಅಂದ್ಕೊಂಡೆ. ಬಸ್ಸಲ್ಲೂ..."

"ಬಸ್ಸಲ್ಲೂ ನೋಡಿದ್ರಾ?"

ಅವನ ಕಿವಿ ಕೆಂಪಾಯಿತು.

ಅವಳ ಸಂಶಯ ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ. "ಇವತ್ತು ಬೆಳಿಗ್ಗೆ ನಾನು ಎಲ್ಲಿ ಕೂತಿದ್ದೆ, ಹೇಳಿ ನೋಡೋಣ."

"ಡ್ರೈವರ್ ಹಿಂದಿನ ಸೀಟಲ್ಲಿ. ಕಿಟಕಿ ಪಕ್ಕ ನಿಮ್ಮ ಬ್ಯಾಗನ್ನ ಕೂರಿಸಿದ್ರಿ. ಅದು ಹಾಯಾಗಿ ಹೊರಗೆ ನೋಡ್ಕೊಂಡು ಬಂತು." ಅವನ ದನಿ ತಗ್ಗಿತು. "ಕೋಡ್ ನೋಡಿಲ್ಲ ಮೇಡಂ. ಆಣೆಗೂ ಇಲ್ಲ. ನೋಡಿದ್ದು ನಿಮ್ಮನ್ನ."

ನಗು ಬಂತು, ಅದರ ಬೆನ್ನಿಗೇ ನಾಚಿಕೆ. ವರ್ಷಗಟ್ಟಲೆ ನಕ್ಷೆ ಹಿಡಿದು ಪರೀಕ್ಷಾ ಕೊಠಡಿಗಳನ್ನು ಸುತ್ತಿದವಳು ಅವಳು. ಸುತ್ತಿದಲ್ಲೆಲ್ಲ ಆ ಸೀಟು ಖಾಲಿ. ನೋಡಿ ನೋಡಿ ಅದು ಮೈಗೆ ಅಂಟಿಕೊಂಡಿತ್ತು. ಆ ಸೀಟು ಖಾಲಿ ಬಿಡಿಸುತ್ತಿದ್ದ ಸಾಹುಕಾರನ ಕೋಡಿನ ಸಾಲನ್ನು ಹೊತ್ತು ತಿರುಗಿದವಳು ತಾನೇ. ಅದನ್ನು ಹೊಸಬನಿಗೆ ದಾಟಿಸಿದವಳೂ ತಾನೇ.

"ಕಾಫಿಗೆ ಬನ್ನಿ" ಎಂದಳು.

ಕ್ಯಾಂಟೀನಿನಲ್ಲಿ ಅವಳು ಸೀದಾ ಕಿಟಕಿಯ ಬಳಿ ಹೋಗಿ, ಕೊನೆಯ ಕುರ್ಚಿಯ ಮುಂದೆ ಒಂದು ಗಳಿಗೆ ತಡೆದು, ಕುಳಿತಳು. ಕೆನ್ನೆಯ ಮೇಲೆ ಬಿಸಿಲು ಬಿತ್ತು. ಹೊರಗೆ ಇಷ್ಟೊಂದು ಕಾಣುತ್ತದೆಂದು ಗೊತ್ತೇ ಇರಲಿಲ್ಲ.

"ಕೋಡಿಂದ ಆ ಸಾಲು ಅಳಿಸಿಬಿಡಿ. ಇಲ್ಲಿ ಜನ ಕೂರ್ತಾರೆ."

"ಸರಿ." ಎರಡು ಲೋಟ ಹಿಡಿದು ಅವನು ನಿಂತೇ ಇದ್ದ. "ಪಕ್ಕದ ಸೀಟು? ಒಂದು ಬಿಟ್ಟು ಒಂದು ಕೂರಿಸ್ಬೇಕು ಅಂತ ನಿಯಮ. ಅದನ್ನ ನೀವೇ ಬರೆದು ಕೊಟ್ಟಿದ್ದೀರಿ."

"ಅದು ಕದ್ದು ನೋಡೋರಿಗೆ" ಎಂದಳು, ಪಕ್ಕದ ಕುರ್ಚಿಯನ್ನು ಈಚೆ ಎಳೆಯುತ್ತಾ. "ನೀವಿನ್ನು ಹತ್ತಿರದಿಂದಲೇ ನೋಡಿ."